ಶಾಲೆಯ ಲ್ಯಾಬ್‌ಗೆ 20 ಸೀಟು: ಯಾವ ಥಿನ್ ಕ್ಲೈಂಟ್ ಕೊಳ್ಳೋದು?

ಲ್ಯಾಬ್_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. 8ರಿಂದ 10ನೇ ತರಗತಿವರೆಗೆ 280 ಮಕ್ಕಳು. ಲ್ಯಾಬ್ ಕೊಠಡಿ 30 ಅಡಿಗೆ 20 ಅಡಿ. ಹಳೇ ಯೋಜನೆಯಲ್ಲಿ ಬಂದ 6 ಡೆಸ್ಕ್‌ಟಾಪ್ ಇವೆ (ಕೋರ್ 2 ಡ್ಯುಯೋ, 2 ಜಿಬಿ ರ‍್ಯಾಮ್). ಅದರಲ್ಲಿ ನಾಲ್ಕರ ಹಾರ್ಡ್ ಡಿಸ್ಕ್ ಹೋಗಿದೆ. ಸುಸ್ಥಿತಿಯಲ್ಲಿರೋ ವಿಜಿಎ ಮಾನಿಟರ್ ಒಟ್ಟು 14.

ಹಳೆಯ ವಿದ್ಯಾರ್ಥಿಗಳ ಸಂಘದವರು ಎರಡೂವರೆ ಲಕ್ಷ ಕೊಡೋಕೆ ಒಪ್ಪಿದ್ದಾರೆ. ಅಷ್ಟರಲ್ಲಿ 20 ಸೀಟು ಆಗಬೇಕು, ಯುಪಿಎಸ್ ಕೂಡ ಸೇರಿ. ವಿಂಡೋಸ್ ಲೈಸೆನ್ಸ್‌ಗೆ ದುಡ್ಡಿಲ್ಲ, ಬೇಕಾಗಿಯೂ ಇಲ್ಲ. ಮಕ್ಕಳಿಗೆ ಬೇಕಾದದ್ದು ಲಿಬ್ರೆ ಆಫೀಸ್, ಕನ್ನಡ ಟೈಪಿಂಗ್, ಜಿಯೋಜಿಬ್ರಾ (ಗಣಿತಕ್ಕೆ), ಸ್ಕ್ರ್ಯಾಚ್ (ಪ್ರೋಗ್ರಾಮಿಂಗ್ ಕಲಿಯೋಕೆ), ಫೆಟ್ ಸಿಮ್ಯುಲೇಷನ್ (ವಿಜ್ಞಾನದ ಪ್ರಯೋಗಗಳು), ಆಗಾಗ ವಿಡಿಯೋ.

ಮುಂದಿರೋ ದಾರಿ ಮೂರು. ಡೀಲರ್ ಒಬ್ಬರು ಒಂದು ಐ7 ಹೋಸ್ಟ್ (ಎಲ್ಲರ ಕೆಲಸವನ್ನೂ ಓಡಿಸೋ ಮುಖ್ಯ ಪಿಸಿ) ಮತ್ತು 20 ಜೀರೋ ಕ್ಲೈಂಟ್ ಅಂತ ಕೊಟೇಷನ್ ಕೊಟ್ಟಿದ್ದಾರೆ. ಎರಡನೆಯದು ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್, ಅಂದರೆ ಸರ್ವರ್‌ಗೆ ಜೋಡಿಸಿ ಬಳಸೋ ಪುಟ್ಟ ಪಿಸಿ. ಮೂರನೆಯದು ರಾಸ್ಪ್‌ಬೆರಿ ಪೈ ಅನ್ನೋ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್. ದಿನಕ್ಕೆ ಎರಡು ತಾಸಾದರೂ ಕರೆಂಟ್ ಹೋಗುತ್ತೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಬೂಟ್‌ಸರ್ವರ್

ಮೇಷ್ಟ್ರೇ, ಜೀರೋ ಕ್ಲೈಂಟ್ ಕೊಟೇಷನ್ ಮೊದಲು ಪಕ್ಕಕ್ಕಿಡಿ. ಆ ಡಬ್ಬದೊಳಗೆ ಪಿಸಿ ಇಲ್ಲ. ಹೋಸ್ಟ್ ಕಳಿಸೋ ಪರದೆಯ ಚಿತ್ರವನ್ನು ತೋರಿಸೋ ಚಿಪ್ ಇರುತ್ತೆ ಅಷ್ಟೇ, ಅದೂ ಆಯಾ ಕಂಪನಿಯ ಸ್ವಂತ ಪ್ರೋಟೋಕಾಲ್‌ನಲ್ಲಿ. ಹೋಸ್ಟ್‌ನಲ್ಲಿ ಅವರದೇ ಸಾಫ್ಟ್‌ವೇರ್ ಓಡಬೇಕು. ಆ ಮಾದರಿಗೆ ಕಂಪನಿ ಬೆಂಬಲ ನಿಲ್ಲಿಸಿದ ದಿನ ಇಪ್ಪತ್ತೂ ಗುಜರಿಗೆ, ಯಾಕಂದ್ರೆ ಅದರ ಮೇಲೆ ಬೇರೇನನ್ನೂ ಬೂಟ್ ಮಾಡೋಕಾಗಲ್ಲ.

ಇನ್ನೊಂದು ತೊಂದರೆ ನಿಮ್ಮ ಪಟ್ಟಿಯಲ್ಲೇ ಇದೆ: ಸ್ಕ್ರ್ಯಾಚ್ 3. ಅದು ವೆಬ್‌ಜಿಎಲ್ (ಬ್ರೌಸರ್‌ನೊಳಗೆ ಗ್ರಾಫಿಕ್ಸ್ ಬಿಡಿಸೋ ವ್ಯವಸ್ಥೆ) ಕೇಳುತ್ತೆ. ಇಪ್ಪತ್ತು ಮಕ್ಕಳ ಗ್ರಾಫಿಕ್ಸ್ ಅಷ್ಟನ್ನೂ ಒಂದೇ ಹೋಸ್ಟ್‌ನ ಸಿಪಿಯು ಎಳೆಯಬೇಕಾಗುತ್ತೆ. ವಿಡಿಯೋ ಕಥೆ ಇನ್ನೂ ಕಷ್ಟ. ಹಳೇ ಶೈಲಿಯಲ್ಲಿ ಪರದೆಯನ್ನು ಕುಗ್ಗಿಸದೆ ಕಳಿಸೋದಾದರೆ 640 × 360 ಅಳತೆಯ ಚಿಕ್ಕ ವಿಡಿಯೋಗೇ ಲೆಕ್ಕ ಹಾಕಿ: 32 ಬಿಟ್ ಬಣ್ಣ, ಸೆಕೆಂಡಿಗೆ 25 ಫ್ರೇಮ್, ಅಂದರೆ 184 ಎಂಬಿಪಿಎಸ್ (ಸೆಕೆಂಡಿಗೆ 184 ಮೆಗಾಬಿಟ್). ಐದು ಮಕ್ಕಳು ನೋಡಿದರೆ ಗಿಗಾಬಿಟ್ (1000 ಎಂಬಿಪಿಎಸ್) ತಂತಿ ತುಂಬಿತು. ಕುಗ್ಗಿಸಿ ಕಳಿಸಿದರೆ ತಂತಿ ಉಳಿಯುತ್ತೆ, ಆ ಭಾರ ಹೋಸ್ಟ್‌ನ ಸಿಪಿಯು ಮೇಲೆ ಬೀಳುತ್ತೆ.

ನಿಮಗೆ ಬೇಕಾಗಿರೋದು ಡಿಸ್ಕ್ ಇಲ್ಲದ ಸಾಮಾನ್ಯ ಪಿಸಿ. ಸೆಕೆಂಡ್ ಹ್ಯಾಂಡ್ ಥಿನ್ ಕ್ಲೈಂಟ್ ಅಂತ ಮಾರೋ ಡಬ್ಬಗಳು ಬಹುಪಾಲು ಅದೇ: ಒಳಗೆ 64 ಬಿಟ್ ಎಎಂಡಿ ಅಥವಾ ಇಂಟೆಲ್ ಪ್ರೊಸೆಸರ್, ನೆಟ್‌ವರ್ಕ್‌ನಿಂದ ಬೂಟ್ ಆಗೋ ಸೌಲಭ್ಯ, ಫ್ಯಾನ್ ಇರಲ್ಲ. ಎಲ್‌ಟಿಎಸ್‌ಪಿ (ಒಂದೇ ಸರ್ವರ್‌ನಿಂದ ಹಲವು ಪಿಸಿ ಬೂಟ್ ಮಾಡಿಸೋ ಲಿನಕ್ಸ್ ತಂತ್ರಾಂಶ) ಹಾಕಿದರೆ ಆಪರೇಟಿಂಗ್ ಸಿಸ್ಟಂ ಸರ್ವರ್‌ನಿಂದ ಬರುತ್ತೆ, ಪ್ರೋಗ್ರಾಂ ಓಡೋದು ಮಗುವಿನ ಮುಂದಿರೋ ಡಬ್ಬದ ಸಿಪಿಯು ಮತ್ತು ರ‍್ಯಾಮ್‌ನಲ್ಲಿ. ಸರ್ವರ್‌ಗೆ ಫೈಲ್ ಬಡಿಸೋ ಕೆಲಸ ಮಾತ್ರ, ಆದ್ದರಿಂದ ಐ7 ಬೇಡ. 4 ಕೋರ್‌ನ ಐ3 ಅಥವಾ ಐ5, 16 ಜಿಬಿ ರ‍್ಯಾಮ್, ಸಿಸ್ಟಂಗೆ 240 ಜಿಬಿ ಎಸ್‌ಎಸ್‌ಡಿ, ಮಕ್ಕಳ ಫೈಲ್‌ಗೆ 1 ಟಿಬಿ ಡಿಸ್ಕ್ ಸಾಕು. 280 ಮಕ್ಕಳಿಗೆ ತಲಾ 1 ಜಿಬಿ ಕೊಟ್ಟರೂ ಡಿಸ್ಕ್‌ನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಖಾಲಿ ಇರುತ್ತೆ.

ಹಾರ್ಡ್ ಡಿಸ್ಕ್ ಹೋದ ಆ ನಾಲ್ಕು ಡೆಸ್ಕ್‌ಟಾಪನ್ನು ಎಸೆಯಬೇಡಿ. ನೆಟ್‌ವರ್ಕ್ ಬೂಟ್‌ಗೆ ಡಿಸ್ಕ್ ಬೇಕಾಗೇ ಇಲ್ಲ, ಆರೂ ಕ್ಲೈಂಟ್ ಆಗುತ್ತವೆ. 2 ಜಿಬಿ ಇರೋದ್ರಿಂದ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತವೆ. ಝಡ್‌ರ‍್ಯಾಮ್ (ರ‍್ಯಾಮ್‌ನಲ್ಲಿರೋದನ್ನು ಕುಗ್ಗಿಸಿಡೋ ಲಿನಕ್ಸ್ ಸೌಲಭ್ಯ) ಹಾಕಿದರೆ ಸ್ವಲ್ಪ ಸುಧಾರಿಸುತ್ತೆ, ಸಾಧ್ಯವಾದರೆ ಹಳೇ ರ‍್ಯಾಮ್ ಕಡ್ಡಿ ಹುಡುಕಿ 4 ಜಿಬಿ ಮಾಡಿ. ಹಾಗಾಗಿ ಹೊಸದಾಗಿ ಕೊಳ್ಳಬೇಕಾದ್ದು 14 ಡಬ್ಬ, ಕೈಯಲ್ಲಿ ಇಟ್ಟುಕೊಳ್ಳೋಕೆ 2 ಹೆಚ್ಚು: ಒಟ್ಟು 16. ಮಾನಿಟರ್ 7 ಬೇಕು, ಸರ್ವರ್‌ನದ್ದೂ ಸೇರಿ.

ಕೊಳ್ಳುವಾಗ ರ‍್ಯಾಮ್ 4 ಜಿಬಿ ಇರಲಿ, ಅಥವಾ ಸ್ಲಾಟ್ ಇರಲಿ. ವಿಐಎ ಚಿಪ್ ಇರೋ ಹಳೇ ಡಬ್ಬ ಪುಕ್ಕಟೆ ಕೊಟ್ಟರೂ ಬೇಡ, ಪವರ್‌ವಿಆರ್ ಗ್ರಾಫಿಕ್ಸ್ ಇರೋ ಹಳೇ ಆಟಮ್ ಕೂಡ ಬೇಡ. ಲಿನಕ್ಸ್‌ನಲ್ಲಿ ಇವಕ್ಕೆ ಸರಿಯಾದ ಡ್ರೈವರ್ ಇಲ್ಲ. 32 ಬಿಟ್ ಅಂದ್ರೆ ಮುಟ್ಟಲೇಬೇಡಿ, ಡೆಬಿಯನ್ 13ರಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೂಡ ಬರಲ್ಲ.

ತಂತಿ_ಸ್ವಿಚ್ಚು

ಡಬ್ಬದ ವಿಷಯ ಮೇಲಿನವರು ಹೇಳಿದ್ದಾರೆ. ಇಂಥ ಲ್ಯಾಬ್ ಕೆಡೋದು ಡಬ್ಬದಿಂದಲ್ಲ, ನೆಟ್‌ವರ್ಕ್ ಸ್ವಿಚ್ಚಿನಿಂದ (ಎಲ್ಲಾ ಪಿಸಿಗಳ ತಂತಿ ಸೇರೋ ಡಬ್ಬ) ಮತ್ತು ಕರೆಂಟಿನಿಂದ.

ಬೂಟ್ ಆಗಿ ಬ್ರೌಸರ್ ತೆರೆಯೋ ಹೊತ್ತಿಗೆ ಒಂದು ಕ್ಲೈಂಟ್ 400 ಎಂಬಿ ಎಳೆಯುತ್ತೆ ಅಂತ ಹಿಡಿಯಿರಿ. ಪೀರಿಯಡ್ ಶುರುವಾದಾಗ ಎಲ್ಲರೂ ಒಟ್ಟಿಗೇ ಆನ್ ಮಾಡ್ತಾರೆ, 20 ಸೀಟಿಗೆ 8 ಜಿಬಿ. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಸಾಗುತ್ತೆ, ಒಂದೂಕಾಲು ನಿಮಿಷದಲ್ಲಿ ಮುಗೀತು. ಸರ್ವರ್‌ನಿಂದ ಸ್ವಿಚ್ಚಿಗೆ ಹೋಗೋ ತಂತಿ 100 ಎಂಬಿಪಿಎಸ್ ಆಗಿದ್ದರೆ ಅದೇ ಕೆಲಸಕ್ಕೆ 12 ನಿಮಿಷ. 40 ನಿಮಿಷದ ಪೀರಿಯಡ್‌ನಲ್ಲಿ 12 ನಿಮಿಷ ಕಾಯೋಕಾಗುತ್ತಾ? 24 ಪೋರ್ಟಿನ ಪೂರ್ತಿ ಗಿಗಾಬಿಟ್ ಸ್ವಿಚ್ಚೇ ತಗೊಳ್ಳಿ. «24 ಪೋರ್ಟ್ 10/100 + 2 ಗಿಗಾ» ಅಂತ ಬರೆದಿರೋದೂ ನಡೆಯುತ್ತೆ, ಆದರೆ ಸರ್ವರ್ ತಂತಿ ಆ ಗಿಗಾ ಪೋರ್ಟಿಗೇ ಹೋಗಬೇಕು.

ಹಳೇ ಡೆಸ್ಕ್‌ಟಾಪಿನಲ್ಲಿ 100 ಎಂಬಿಪಿಎಸ್ ಕಾರ್ಡ್ ಇದ್ದರೆ ಇನ್ನೊಂದು ವಿಚಿತ್ರ ಕಾಣುತ್ತೆ: ಒಂದು ನಿಧಾನದ ಕ್ಲೈಂಟ್ ಆನ್ ಆದ ಕೂಡಲೇ ಎಲ್ಲವೂ ನಿಧಾನ. ಅದು ಈಥರ್ನೆಟ್ ಫ್ಲೋ ಕಂಟ್ರೋಲ್‌ನ ಕೆಲಸ. ನಿಧಾನದವನು «ತಡಿ» ಅಂದರೆ ಅಗ್ಗದ ಸ್ವಿಚ್ಚು ಸರ್ವರನ್ನೇ ತಡೆದು ನಿಲ್ಲಿಸುತ್ತೆ. ಎಲ್‌ಟಿಎಸ್‌ಪಿ ಹಾಕುವಾಗ ಈಥ್‌ಟೂಲ್ ಪ್ಯಾಕೇಜನ್ನೂ ಹಾಕಿ ಅಂತ ಹೇಳೋದು ಇದನ್ನು ಆಫ್ ಮಾಡೋಕೇ.

ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದದ್ದು) ಯಾರಾದರೂ ದಾನ ಕೊಟ್ಟರೆ ಸ್ಪ್ಯಾನಿಂಗ್ ಟ್ರೀ (ತಂತಿಗಳು ಸುತ್ತು ಕಟ್ಟದಂತೆ ಕಾಯೋ ಸೌಲಭ್ಯ) ನೋಡಿ. ಅದು ಪೋರ್ಟ್ ತೆರೆಯೋಕೆ ಸುಮಾರು 30 ಸೆಕೆಂಡ್ ತಗೊಳ್ಳುತ್ತೆ, ಅಷ್ಟರಲ್ಲಿ ಕ್ಲೈಂಟ್ ಐಪಿ ಕೇಳಿ ಕೇಳಿ ಸುಸ್ತಾಗಿ «ಬೂಟ್ ಡಿವೈಸ್ ಇಲ್ಲ» ಅನ್ನುತ್ತೆ. ಕ್ಲೈಂಟ್ ಪೋರ್ಟುಗಳಿಗೆ ಪೋರ್ಟ್‌ಫಾಸ್ಟ್ (ಕಾಯದೆ ಪೋರ್ಟ್ ತೆರೆಯೋ ಸೆಟ್ಟಿಂಗ್) ಆನ್ ಮಾಡಿ.

ತಂತಿ ಕ್ಯಾಟ್ 5ಇ ಸಾಕು, ಆದರೆ ಶುದ್ಧ ತಾಮ್ರದ್ದು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ಕ್ರಿಂಪ್ ಮಾಡಿದ ಜಾಗದಲ್ಲಿ ವರ್ಷದೊಳಗೆ ಸಡಿಲವಾಗುತ್ತೆ, ಗಿಗಾಬಿಟ್ ಲಿಂಕ್ 100ಕ್ಕೆ ಇಳಿಯುತ್ತೆ. ಚಾಕುವಿನಿಂದ ಎಳೆಯನ್ನು ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ನಿಮ್ಮ ಕೊಠಡಿಗೆ ಸ್ವಿಚ್ಚನ್ನು ಉದ್ದ ಗೋಡೆಯ ನಡುವೆ ಇಟ್ಟರೆ ಸರಾಸರಿ 9 ಮೀಟರ್‌ನಂತೆ 21 ಎಳೆಗೆ 190 ಮೀಟರ್. 305 ಮೀಟರ್ ಪೆಟ್ಟಿಗೆ ಒಂದೇ ಸಾಕು. ಎಲ್ಲಾ ಕೇಸಿಂಗ್ ಪಟ್ಟಿಯೊಳಗೆ ಹೋಗಲಿ, ಇಲಿ ಕಾಟ ಇದ್ದೇ ಇರುತ್ತೆ.

ಕರೆಂಟ್ ಲೆಕ್ಕ: ಥಿನ್ ಕ್ಲೈಂಟ್ ತಲಾ 15 ವ್ಯಾಟ್, 14ಕ್ಕೆ 210. ಹಳೇ ಡೆಸ್ಕ್‌ಟಾಪ್ ತಲಾ 70, ಆರಕ್ಕೆ 420. ಅಂದರೆ ಆರು ಹಳಬರು ಹದಿನಾಲ್ಕು ಹೊಸಬರ ಎರಡರಷ್ಟು ತಿಂತಾರೆ. ಆ ಆರನ್ನು ಯುಪಿಎಸ್‌ಗೆ ಸೇರಿಸಬೇಡಿ, ನೇರ ಲೈನ್‌ಗೆ ಹಾಕಿ. ಉಳಿದದ್ದು 210, ಮಾನಿಟರ್ 14ಕ್ಕೆ 280, ಸರ್ವರ್ ಮತ್ತು ಸ್ವಿಚ್ಚಿಗೆ 95, ಒಟ್ಟು 585 ವ್ಯಾಟ್. ಎರಡು ತಾಸಿಗೆ 1170 ವ್ಯಾಟ್ ಅವರ್, ಇನ್ವರ್ಟರ್ ನಷ್ಟ ಸೇರಿ ಸುಮಾರು 1400. 12 ವೋಲ್ಟ್ 150 ಎಎಚ್ ಬ್ಯಾಟರಿ ಎರಡರಲ್ಲಿ 3600 ಇರುತ್ತೆ, ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, 1800 ಸಿಕ್ಕಿತು. 24 ವೋಲ್ಟಿನ 1.5 ಕೆವಿಎ ಇನ್ವರ್ಟರ್ ಹೊಂದುತ್ತೆ. ಪ್ಯೂರ್ ಸೈನ್ ವೇವ್ ಇರಲಿ. ಮನೆ ಇನ್ವರ್ಟರ್ ಆದರೆ ಅದರಲ್ಲಿರೋ ಸಣ್ಣ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಳ್ಳಿ, ಇಲ್ಲದಿದ್ದರೆ ಬದಲಾಗೋ ಕ್ಷಣದಲ್ಲಿ ಎಲ್ಲಾ ರೀಸ್ಟಾರ್ಟ್ ಆಗುತ್ತವೆ.

ಸರ್ವರ್ ಮತ್ತು ಸ್ವಿಚ್ಚು ಒಂದೇ ಬ್ಯಾಕಪ್‌ನಲ್ಲಿರಲಿ. ಬರೀ ಸರ್ವರ್‌ಗೆ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್‌ಗೆ ಹಾಕೋದು ಬಹಳ ಕಡೆ ಕಾಣೋ ತಪ್ಪು. ಸ್ವಿಚ್ಚು ಆರಿದರೆ ಅಷ್ಟೂ ಪರದೆ ಇದ್ದಲ್ಲೇ ಕಲ್ಲಾಗುತ್ತವೆ.

ರಾಸ್ಪಿ_ರೈತ

ಪೈ ಪಕ್ಷದ ಮಾತೂ ಒಂದಿರಲಿ. ಪೈ 4ರಲ್ಲಿ ನಿಜವಾದ ಗಿಗಾಬಿಟ್ ಇದೆ, 4 ಜಿಬಿ ಮಾದರಿ ಈ ಕೆಲಸಕ್ಕೆ ಸಾಲುತ್ತೆ. ಕರೆಂಟ್ ತಿನ್ನೋದು ಥಿನ್ ಕ್ಲೈಂಟ್‌ಗಿಂತಲೂ ಕಡಿಮೆ. ಪಿನ್ ಹಾಕಿ ಸೆನ್ಸರ್, ಎಲ್‌ಇಡಿ ಪಾಠ ಮಾಡಬಹುದು, ಥಿನ್ ಕ್ಲೈಂಟ್‌ನಲ್ಲಿ ಅದಾಗಲ್ಲ.

ಆದರೆ ನಿಮ್ಮ ಕೊಠಡಿಗೆ ನಾನೂ ಇಪ್ಪತ್ತು ಪೈ ಹೇಳಲ್ಲ. ಬೋರ್ಡಿನ ದರಕ್ಕೆ ಅಡಾಪ್ಟರ್, ಕೇಸ್, ಮೈಕ್ರೋ ಎಚ್‌ಡಿಎಂಐ ಕೇಬಲ್ ಸೇರಬೇಕು, ನಿಮ್ಮ ಮಾನಿಟರ್ ವಿಜಿಎ ಆದ್ದರಿಂದ ಕನ್ವರ್ಟರ್ ಬೇರೆ. ಪೈ ಓಡೋದು ಆರ್ಮ್ ಪ್ರೊಸೆಸರ್‌ನಲ್ಲಿ, ಹಳೇ ಡೆಸ್ಕ್‌ಟಾಪ್‌ಗೆ ಮಾಡಿದ ಇಮೇಜ್ (ಸರ್ವರ್‌ನಿಂದ ಬಡಿಸೋ ಸಿಸ್ಟಂ ನಕಲು) ಅದಕ್ಕೆ ಹೊಂದಲ್ಲ. ಎರಡು ಇಮೇಜ್ ಸಾಕಬೇಕಾಗುತ್ತೆ, ಪ್ರತಿ ಅಪ್‌ಡೇಟ್ ಎರಡು ಸಲ. ಎಸ್‌ಡಿ ಕಾರ್ಡ್‌ನಿಂದ ಓಡಿಸೋ ಯೋಚನೆಯಿದ್ದರೆ, ದಿನಾ ಕರೆಂಟ್ ಹೋಗೋ ಕಡೆ ಕಾರ್ಡ್ ಬೇಗ ಕೆಡುತ್ತೆ. ವಿಜ್ಞಾನದ ಪ್ರಯೋಗಕ್ಕೆ ಎರಡು ಪೈ ಬೇರೆ ಇಟ್ಟುಕೊಳ್ಳಿ, ಅಷ್ಟೇ.

ಲ್ಯಾಬ್_ಮೇಷ್ಟ್ರು

ಬಹಳ ಉಪಕಾರ ಆಯ್ತು. ಹುಬ್ಬಳ್ಳಿಯ ಅಂಗಡಿಯಲ್ಲಿ ಎರಡು ಬಗೆ ಇವೆಯಂತೆ: ಡೆಲ್ ವೈಸ್ 3040 ಮತ್ತು ಎಚ್‌ಪಿ ಟಿ620. ವೈಸ್ ಅಗ್ಗ, ಅಂಗೈಯಗಲ ಇದೆ. ಯಾವುದು? ಮತ್ತೆ ಎಲ್‌ಟಿಎಸ್‌ಪಿ ಹಾಕೋ ಕ್ರಮ ಸ್ವಲ್ಪ ಬಿಡಿಸಿ ಹೇಳಿ. ಅಂತರ್ಜಾಲದಲ್ಲಿ ಒಬ್ಬೊಬ್ಬರು ಒಂದೊಂದು ಬರೆದಿದ್ದಾರೆ. ನುಡಿ ಕೀಲಿಮಣೆ ಬರುತ್ತಾ?

ಬೂಟ್‌ಸರ್ವರ್

ಟಿ620. ವೈಸ್ 3040ರಲ್ಲಿ 2 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತೆ, ಏರಿಸೋಕಾಗಲ್ಲ. ಅದರಲ್ಲಿ 5 ವೋಲ್ಟ್, 12 ವೋಲ್ಟ್ ಎರಡು ಬಗೆ ಬಂದಿವೆ, ಅಡಾಪ್ಟರ್ ಅದಲುಬದಲಾದರೆ ಬೋರ್ಡ್ ಹೋಯ್ತು. ಪರದೆಗೆ ಡಿಸ್‌ಪ್ಲೇಪೋರ್ಟ್ ಮಾತ್ರ. ಟಿ620ರಲ್ಲಿ ಲ್ಯಾಪ್‌ಟಾಪ್ ರ‍್ಯಾಮ್ ಸ್ಲಾಟ್ ಇವೆ, ಡಿಡಿಆರ್3ಎಲ್ ಹಾಕಬಹುದು. ಪ್ರೊಸೆಸರ್‌ನಲ್ಲೂ ಎರಡು ಬಗೆ: ಜಿಎಕ್ಸ್-415ಜಿಎ ನಾಲ್ಕು ಕೋರ್, ಜಿಎಕ್ಸ್-217ಜಿಎ ಎರಡು ಕೋರ್. ನಾಲ್ಕು ಕೋರ್‌ನದ್ದನ್ನೇ ಕೇಳಿ. ಯೂಟ್ಯೂಬ್‌ನ ಹೊಸ ಕೋಡೆಕ್‌ಗಳನ್ನು (ವಿಡಿಯೋ ಕುಗ್ಗಿಸೋ ವಿಧಾನಗಳನ್ನು) ಇದರ ಚಿಪ್ ತಾನಾಗಿ ಬಿಡಿಸಲ್ಲ, 480ಪಿ ದಾಟಿದರೆ ಮುಗ್ಗರಿಸುತ್ತೆ. ಪಾಠದ ವಿಡಿಯೋಗಳನ್ನು ಎಚ್.264 ಅನ್ನೋ ಹಳೇ ಕೋಡೆಕ್‌ನಲ್ಲಿ ಸರ್ವರ್‌ನಲ್ಲೇ ಇಟ್ಟುಬಿಡಿ, ಬ್ರಾಡ್‌ಬ್ಯಾಂಡೂ ಉಳಿಯುತ್ತೆ.

ಡಬ್ಬದ ಹಿಂಬದಿ ನೋಡಿ ಕನ್ವರ್ಟರ್ ಎಣಿಸಿಕೊಳ್ಳಿ. ಡಿವಿಐ ಇರೋ ಮಾದರಿಯಾದರೆ ಚಪ್ಪಟೆ ಸೀಳಿನ ಸುತ್ತ ನಾಲ್ಕು ಸಣ್ಣ ತೂತು ಇರಬೇಕು, ಆಗ ಅಗ್ಗದ ವಿಜಿಎ ಮೊನೆ ಸಾಕು. ಆ ನಾಲ್ಕು ತೂತು ಇಲ್ಲದಿದ್ದರೆ ಅದರಿಂದ ವಿಜಿಎ ಬರಲ್ಲ.

ಇನ್ನು ಎಲ್‌ಟಿಎಸ್‌ಪಿ. ಇದು 1999ರಲ್ಲಿ ಶುರುವಾದ ಯೋಜನೆ, 2019ರಲ್ಲಿ ಪೂರ್ತಿ ಹೊಸದಾಗಿ ಬರೆದರು. ನಿಮಗೆ ಗೊಂದಲ ಆಗಿರೋದು ಅದಕ್ಕೇ. «ಎಲ್‌ಟಿಎಸ್‌ಪಿ-ಬಿಲ್ಡ್-ಕ್ಲೈಂಟ್» ಅನ್ನೋ ಆದೇಶ ಅಥವಾ ಎಲ್‌ಡಿಎಂ ಅನ್ನೋ ಲಾಗಿನ್ ಪರದೆ ಕಂಡ ಬರಹವೆಲ್ಲ ಹಳೇ 5ನೇ ಆವೃತ್ತಿಯದು, ಓದಬೇಡಿ.

ಸರ್ವರ್‌ಗೆ ಡೆಬಿಯನ್ 12, ಮಾಟೆ ಡೆಸ್ಕ್‌ಟಾಪ್. ಉಬುಂಟು ಬೇಡ ಅನ್ನೋದು ಸ್ನ್ಯಾಪ್ (ಅದರ ಬೇರೆ ಬಗೆಯ ಪ್ಯಾಕೇಜ್ ವ್ಯವಸ್ಥೆ) ಕಾರಣಕ್ಕೆ, ಹೋಮ್ ಫೋಲ್ಡರ್ ನೆಟ್‌ವರ್ಕ್‌ನಲ್ಲಿದ್ದಾಗ ಸ್ನ್ಯಾಪ್ ಫೈರ್‌ಫಾಕ್ಸ್ ರಗಳೆ ತೆಗೆಯುತ್ತೆ. ಎಎಂಡಿ ಗ್ರಾಫಿಕ್ಸ್ ಮತ್ತು ರಿಯಲ್‌ಟೆಕ್ ಫರ್ಮ್‌ವೇರ್ ಪ್ಯಾಕೇಜ್ ಮರೆಯಬೇಡಿ, ಸರ್ವರ್ ಇಂಟೆಲ್ ಆದ್ದರಿಂದ ಅವು ತಾನಾಗಿ ಬರಲ್ಲ. ಬಿಟ್ಟರೆ ಟಿ620 ಬೂಟ್ ಆಗಿ ಕಪ್ಪು ಪರದೆಗೆ ನಿಲ್ಲುತ್ತೆ. ಹಾಗೆಯೇ ಸರ್ವರ್‌ಗೆ ಎನ್‌ವಿಡಿಯಾ ಕಾರ್ಡ್ ಹಾಕಿ ಅದರ ಕಂಪನಿ ಡ್ರೈವರ್ ಕೂರಿಸಬೇಡಿ. ಸರ್ವರ್‌ನಲ್ಲಿರೋದೇ ನಕಲಾಗಿ ಕ್ಲೈಂಟ್‌ಗೆ ಹೋಗೋದು, ಆ ಡ್ರೈವರ್ ಅಲ್ಲೂ ಹೋಗಿ ಪರದೆ ಕೆಡಿಸುತ್ತೆ.

ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ. ಒಂದು ಕಚೇರಿ ರೌಟರ್‌ಗೆ, ಇನ್ನೊಂದು ಲ್ಯಾಬ್ ಸ್ವಿಚ್ಚಿಗೆ, ಇದಕ್ಕೆ 192.168.67.1 ಅಂತ ಸ್ಥಿರ ಐಪಿ. ರೌಟರ್ ಮತ್ತು ಲ್ಯಾಬ್ ಒಂದೇ ಸ್ವಿಚ್ಚಿನಲ್ಲಿದ್ದರೂ ಪ್ರಾಕ್ಸಿ ಡಿಎಚ್‌ಸಿಪಿ (ಐಪಿ ಕೊಡೋದು ರೌಟರ್, ಬೂಟ್ ಮಾಹಿತಿ ಮಾತ್ರ ಸರ್ವರ್) ಮೂಲಕ ನಡೆಯುತ್ತೆ, ಆದರೆ ಕೆಲವು ಹಳೇ ಬಯಾಸ್‌ಗಳಿಗೆ (ಪಿಸಿ ಶುರು ಮಾಡೋ ಒಳ ತಂತ್ರಾಂಶ) ಅದು ಅರ್ಥವಾಗಲ್ಲ. ಬೇರೆ ಮಾಡಿದರೆ ಆ ಜಗಳವೇ ಇಲ್ಲ.

ಎಲ್‌ಟಿಎಸ್‌ಪಿ, ಡಿಎನ್‌ಎಸ್‌ಮಾಸ್ಕ್, ಎನ್‌ಎಫ್‌ಎಸ್ ಸರ್ವರ್, ಓಪನ್ ಎಸ್‌ಎಸ್‌ಎಚ್ ಸರ್ವರ್, ಸ್ಕ್ವಾಷ್‌ಎಫ್‌ಎಸ್ ಟೂಲ್ಸ್, ಈಥ್‌ಟೂಲ್, ಎಪಾಪ್ಟಿಸ್ ಇಷ್ಟನ್ನು ಹಾಕಿ. ಆಮೇಲೆ ರೂಟ್ ಆಗಿ «ಎಲ್‌ಟಿಎಸ್‌ಪಿ» ಆದೇಶವನ್ನು ಈ ಐದು ಪದಗಳೊಂದಿಗೆ ಒಂದಾದ ಮೇಲೊಂದು ಓಡಿಸಿ:

1. ಡಿಎನ್‌ಎಸ್‌ಮಾಸ್ಕ್. ಎರಡು ಕಾರ್ಡ್ ಇರೋದ್ರಿಂದ ಪ್ರಾಕ್ಸಿ ಡಿಎಚ್‌ಸಿಪಿ ಆಯ್ಕೆಗೆ 0 ಕೊಡಿ.
2. ಇಮೇಜ್, ಮುಂದೆ ಒಂದು ಓರೆ ಗೆರೆ. ಸರ್ವರ್‌ನ ನಕಲು ಇಲ್ಲಿ ತಯಾರಾಗುತ್ತೆ. ಇದೊಂದೇ ನಿಧಾನದ ಕೆಲಸ.
3. ಐಪಿಎಕ್ಸ್‌ಇ. ಬೂಟ್ ಮೆನು.
4. ಎನ್‌ಎಫ್‌ಎಸ್.
5. ಇನಿಟ್‌ಆರ್‌ಡಿ.

ಹೊಸ ತಂತ್ರಾಂಶ ಹಾಕಿದರೆ ಅಥವಾ ಅಪ್‌ಡೇಟ್ ಮಾಡಿದರೆ 2ನೆಯದನ್ನು ಮತ್ತೆ ಓಡಿಸಬೇಕು. ಹೊಸ ವಿದ್ಯಾರ್ಥಿ ಖಾತೆ ಸೇರಿಸಿದರೆ ಅಥವಾ ಎಲ್‌ಟಿಎಸ್‌ಪಿ ಕಾನ್ಫ್ ಫೈಲ್ ತಿದ್ದಿದರೆ 5ನೆಯದು ಸಾಕು, ಅದು ಸೆಕೆಂಡುಗಳ ಕೆಲಸ. «ಸರ್ವರ್‌ನಲ್ಲಿ ಲಾಗಿನ್ ಆಗುತ್ತೆ, ಕ್ಲೈಂಟ್‌ನಲ್ಲಿ ಪಾಸ್‌ವರ್ಡ್ ತಪ್ಪು ಅನ್ನುತ್ತೆ» ಅನ್ನೋ ದೂರಿಗೆ ಹತ್ತಕ್ಕೆ ಒಂಬತ್ತು ಸಲ ಇದೇ ಕಾರಣ.

ಪ್ರತಿ ಮಗುವಿಗೂ ಬೇರೆ ಖಾತೆ ಇರಲಿ. ಎಲ್ಲರಿಗೂ «ವಿದ್ಯಾರ್ಥಿ» ಅಂತ ಒಂದೇ ಖಾತೆ ಕೊಟ್ಟರೆ ಎರಡನೇ ಮಗು ಫೈರ್‌ಫಾಕ್ಸ್ ಒತ್ತಿದಾಗ «ಆಗಲೇ ತೆರೆದಿದೆ» ಅಂತ ತಡೆಯುತ್ತೆ. ಫೈರ್‌ಫಾಕ್ಸ್‌ನ ಡಿಸ್ಕ್ ಕ್ಯಾಶ್ ಆಫ್ ಮಾಡಿ, ಇಲ್ಲದಿದ್ದರೆ ಇಪ್ಪತ್ತು ಮಕ್ಕಳ ಕ್ಯಾಶ್ ನೆಟ್‌ವರ್ಕ್ ಮೇಲೆ ಓಡಾಡುತ್ತೆ.

ಕ್ಲೈಂಟ್ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್, ನೆಟ್‌ವರ್ಕ್ ಬೂಟ್ ಮೊದಲನೆಯದು. ಹಳೇ ಡಬ್ಬಗಳಲ್ಲಿ ಸಿಆರ್2032 ಸೆಲ್ ಸತ್ತಿರುತ್ತೆ. ಕರೆಂಟ್ ಹೋದಾಗೆಲ್ಲ ಬೂಟ್ ಕ್ರಮ ಮರೆತುಹೋಗುತ್ತೆ, ತಾರೀಕು ಹಿಂದೆ ಹೋಗಿ ಬ್ರೌಸರ್ ಪ್ರತಿ ಸೈಟಿಗೂ ಸರ್ಟಿಫಿಕೇಟ್ ತಪ್ಪು ಅನ್ನುತ್ತೆ. 22 ಸೆಲ್ ಒಟ್ಟಿಗೇ ತಂದು ಹದಿನಾರಕ್ಕೂ, ಹಳೇ ಆರಕ್ಕೂ ಬದಲಿಸಿಬಿಡಿ.

ಕಗಪ_ಕೀಲಿ

ನುಡಿ ಕೀಲಿಮಣೆ ಬರುತ್ತೆ ಸರ್. ಐಬಸ್ ಮತ್ತು ಐಬಸ್-ಎಂ17ಎನ್ (ಲಿನಕ್ಸ್‌ನಲ್ಲಿ ಭಾಷೆಗಳ ಟೈಪಿಂಗ್ ತಂತ್ರಾಂಶ) ಹಾಕಿ, ಕನ್ನಡದಡಿ ಕೆಜಿಪಿ ಆರಿಸಿ. ಎಫ್ ಕೀಲಿ ಒತ್ತಿ ಒತ್ತಕ್ಷರ ಮಾಡೋ ಅದೇ ಕಗಪ ವಿನ್ಯಾಸ, ಮಕ್ಕಳು ಹೊಸದಾಗಿ ಕಲಿಯಬೇಕಾಗಿಲ್ಲ. ಲಿಬ್ರೆ ಆಫೀಸ್‌ನಲ್ಲಿ ಮಾತ್ರ ಕನ್ನಡ ಮೂಡದಿದ್ದರೆ ಅದರ ಜಿಟಿಕೆ3 ಪ್ಯಾಕೇಜ್ ಬಿಟ್ಟುಹೋಗಿದೆ ಅಂತ ಅರ್ಥ. ಫಾಂಟ್‌ಗೆ ನೋಟೋ, ಲೋಹಿತ್, ಗುಬ್ಬಿ, ನವಿಲು ಇವೆ. ಇವನ್ನೆಲ್ಲ ಇಮೇಜ್ ಮಾಡೋಕೆ ಮೊದಲೇ ಹಾಕಿ.

ಶಾಲೆಯಲ್ಲಿ ಹಳೇ ನುಡಿ ಅಥವಾ ಬರಹದಲ್ಲಿ ಮಾಡಿದ ಪ್ರಶ್ನೆಪತ್ರಿಕೆಗಳು ಇದ್ದೇ ಇರುತ್ತವೆ. ಅವು ಯುನಿಕೋಡ್ ಅಲ್ಲ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಆಸ್ಕಿಯಿಂದ ಯುನಿಕೋಡ್‌ಗೆ ಪರಿವರ್ತಿಸೋ ಉಚಿತ ತಂತ್ರಾಂಶಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಗಣಿತದ ಚಿಹ್ನೆಗಳನ್ನು ಕಣ್ಣಲ್ಲೇ ಒಮ್ಮೆ ನೋಡಿ, ಅಲ್ಲೇ ಎಡವೋದು.

ಫೆಟ್ ಸಿಮ್ಯುಲೇಷನ್‌ಗಳಲ್ಲಿ ಹಲವು ಕನ್ನಡದಲ್ಲೂ ಇವೆ. ಒಂದೊಂದೂ ಒಂದೇ ಎಚ್‌ಟಿಎಂಎಲ್ ಫೈಲ್, ಇಳಿಸಿ ಸರ್ವರ್‌ನಲ್ಲಿಟ್ಟರೆ ನೆಟ್ ಇಲ್ಲದಾಗಲೂ ಓಡುತ್ತೆ. ಕಿವಿಕ್ಸ್ (ನೆಟ್ ಇಲ್ಲದೆ ವಿಕಿಪೀಡಿಯ ಓದಿಸೋ ತಂತ್ರಾಂಶ) ಹಾಕಿ ಕನ್ನಡ ವಿಕಿಪೀಡಿಯವನ್ನೂ ಹಾಗೇ ಇಡಬಹುದು.

ಲ್ಯಾಬ್_ಮೇಷ್ಟ್ರು

ಎಪಾಪ್ಟಿಸ್ ಅಂದರೆ ಎಲ್ಲರ ಪರದೆ ಶಿಕ್ಷಕರಿಗೆ ಕಾಣೋದಾ? ಅದಕ್ಕೆ ಬೇರೆ ಪಿಸಿ ಬೇಕಾ? ಅಂಗಡಿಗೆ ಶನಿವಾರ ಹೋಗ್ತಿದ್ದೇನೆ, ಅಲ್ಲಿ ಏನು ಪರೀಕ್ಷೆ ಮಾಡಲಿ?

ಬೂಟ್‌ಸರ್ವರ್

ಬೇರೆ ಪಿಸಿ ಬೇಡ, ಸರ್ವರ್ ಮುಂದೆಯೇ ಕೂತು ಮಾಡಬಹುದು. ನಿಮ್ಮ ಖಾತೆಯನ್ನು ಎಪಾಪ್ಟಿಸ್ ಗುಂಪಿಗೆ ಸೇರಿಸಿ. ಪರದೆ ನೋಡೋದು, ಬೀಗ ಹಾಕೋದು, ನಿಮ್ಮ ಪರದೆ ಎಲ್ಲರಿಗೂ ತೋರಿಸೋದು, ಕೊನೆಗೆ ಎಲ್ಲಾ ಒಟ್ಟಿಗೇ ಆರಿಸೋದು ಆಗುತ್ತೆ. ಇದು ಎಕ್ಸ್11 ಅನ್ನೋ ಹಳೇ ಪರದೆ ವ್ಯವಸ್ಥೆಯಲ್ಲಿ ಮಾತ್ರ ಸರಿಯಾಗಿ ಓಡೋದು. ಗ್ನೋಮ್ ಡೆಸ್ಕ್‌ಟಾಪ್ ಹಾಕಿದರೆ ವೇಲ್ಯಾಂಡ್ ಅನ್ನೋ ಹೊಸ ವ್ಯವಸ್ಥೆಗೆ ಹೋಗಿಬಿಡುತ್ತೆ, ಮಾಟೆ ಹೇಳಿದ್ದಕ್ಕೆ ಅದೂ ಒಂದು ಕಾರಣ.

ಅಂಗಡಿಗೆ ಒಂದು ಲಿನಕ್ಸ್ ಲೈವ್ ಪೆನ್‌ಡ್ರೈವ್, ಒಂದು ನೆಟ್‌ವರ್ಕ್ ಕೇಬಲ್, ಸಾಧ್ಯವಾದರೆ ನಿಮ್ಮದೇ ಒಂದು ವಿಜಿಎ ಮಾನಿಟರ್ ಒಯ್ಯಿರಿ. ಪ್ರತಿ ಡಬ್ಬವನ್ನೂ ಬೂಟ್ ಮಾಡಿ, ಸ್ಯಾಂಪಲ್ ಅಂತ ಒಂದನ್ನು ತೋರಿಸಿದರೆ ಒಪ್ಪಬೇಡಿ. ಬಯಾಸ್‌ಗೆ ಪಾಸ್‌ವರ್ಡ್ ಇದೆಯಾ ಮೊದಲು ನೋಡಿ. ಆಫೀಸುಗಳು ಹಾಕಿದ್ದನ್ನು ತೆಗೆಯದೇ ಮಾರಿರುತ್ತವೆ, ಆಗ ಬೂಟ್ ಕ್ರಮ ಬದಲಿಸೋಕೇ ಬರಲ್ಲ. ರ‍್ಯಾಮ್ ಎಷ್ಟು ಅಂತ ಪರದೆಯಲ್ಲೇ ಓದಿ. ಕೇಬಲ್ ಚುಚ್ಚಿ ಲಿಂಕ್ 1000ಕ್ಕೆ ಬರುತ್ತಾ ನೋಡಿ, 100ಕ್ಕೇ ನಿಂತರೆ ಪೋರ್ಟಿನ ಪಿನ್ ಬಾಗಿರಬಹುದು. ಯುಎಸ್‌ಬಿ ಪೋರ್ಟ್ ಎಲ್ಲವನ್ನೂ ಮೌಸ್ ಹಾಕಿ ಪರೀಕ್ಷಿಸಿ. ಅಡಾಪ್ಟರ್ ಮೂಲದ್ದೇ ಇರಲಿ, ವೋಲ್ಟ್ ಮತ್ತು ವ್ಯಾಟ್ ಡಬ್ಬದ ಮೇಲಿನ ಚೀಟಿಗೆ ಹೊಂದಬೇಕು. ಒಪ್ಪಿದ ಡಬ್ಬಕ್ಕೂ ಅದರ ಅಡಾಪ್ಟರ್‌ಗೂ ಅಲ್ಲೇ ಒಂದೇ ನಂಬರ್ ಬರೆದು ಅಂಟಿಸಿ, ಪಕ್ಕದಲ್ಲೇ ಮ್ಯಾಕ್ ಅಡ್ರೆಸ್ (ಆ ಡಬ್ಬದ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಕೂಡ. ಮುಂದೆ ಯಾವ ಕ್ಲೈಂಟ್‌ಗೆ ಬೇರೆ ಸೆಟ್ಟಿಂಗ್ ಬೇಕಾದರೂ ಎಲ್‌ಟಿಎಸ್‌ಪಿ ಕಾನ್ಫ್ ಫೈಲ್‌ನಲ್ಲಿ ಆ ಅಡ್ರೆಸ್ ಹೆಸರಲ್ಲೇ ಬರೆಯಬೇಕಾಗೋದು.